ಟ್ರಿನಿಟಿ, ತ್ರಯೇಕ

ಕೆಂಗೇರಿಯಲ್ಲೋ ವಿಜಯನಗರದಲ್ಲೋ ನೇರಳೆ ಮಾರ್ಗದ ಮೆಟ್ರೊ ಹತ್ತಿ ವೈಟ್‌ಫೀಲ್ಡ್ ಕಡೆ ಹೊರಟರೆ, ಎಂ.ಜಿ. ರಸ್ತೆ ದಾಟಿದೊಡನೆ ‘ಟ್ರಿನಿಟಿ’ ನಿಲ್ದಾಣ. ಹತ್ತಿರದ ಹೋಲಿ ಟ್ರಿನಿಟಿ ಚರ್ಚಿನಿಂದ ಬಂದ ಹೆಸರು. 19ನೆಯ ಶತಮಾನದ, ದಂಡಿನ ಕಾಲದ ಚರ್ಚು ಅದು.

ಪದ ಇನ್ನೂ ಬಹಳ ಹಳೆಯದು. ಲ್ಯಾಟಿನ್ನಿನ ‘ಟ್ರಿನಿಟಾಸ್’ ಇದರ ಮೂಲ, ಮೂರಾಗಿರುವಿಕೆ ಎಂದರ್ಥ. ಅದರ ‘ಟ್ರಿ’ಯೂ ನಮ್ಮ ತ್ರಿಶೂಲ, ತ್ರಿಪದಿಗಳ ‘ತ್ರಿ’ಯೂ ಒಂದೇ ಬೇರಿನವು. ಬೈಬಲಿನಲ್ಲಿ ತಂದೆ, ಮಗ, ಪವಿತ್ರಾತ್ಮ ಮೂವರೂ ಇದ್ದಾರೆ, ಈ ಪದವಿಲ್ಲ. ಸುಮಾರು 180ರಲ್ಲಿ ಅಂತಿಯೋಕ್ಯದ ಥಿಯೋಫಿಲಸ್ ಗ್ರೀಕಿನಲ್ಲಿ ‘ಟ್ರಿಯಾಸ್’ ಎಂದ. 3ನೆಯ ಶತಮಾನದ ಆರಂಭದಲ್ಲಿ ಕಾರ್ಥೇಜಿನ ಟರ್ಟುಲಿಯನ್ ಲ್ಯಾಟಿನ್ ಪದವನ್ನು ದೇವರಿಗೆ ಬಳಸಿದ.

ಪದ ಸಿಕ್ಕಿತೆಂದು, ಮೂವರೂ ಒಬ್ಬನೇ ದೇವರಾಗುವುದು ಹೇಗೆ ಎಂಬ ವಾದ ಮುಗಿಯಲಿಲ್ಲ. ಮಗನೂ ಸೃಷ್ಟಿಯೇ, ಅವನಿಲ್ಲದ ಕಾಲವೊಂದಿತ್ತು ಎಂದ ಅಲೆಕ್ಸಾಂಡ್ರಿಯದ ಏರಿಯಸ್. 325ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪ್ಪರ ಸಭೆ ‘ಹೋಮೊಊಸಿಯೋಸ್’ ಎಂದು ಉತ್ತರಿಸಿತು: ತಂದೆಯೊಡನೆ ಒಂದೇ ಸತ್ವದವನು. ಮುಂದೆ ಕೆಲವರು ನಡುವೆ ಒಂದು ‘ಇ’ಕಾರ ಸೇರಿಸಿ ‘ಹೋಮೊಇಊಸಿಯೋಸ್’ ಎಂದರು: ಒಂದೇ ಅಲ್ಲ, ಹೋಲುವ ಸತ್ವ. ಅಕ್ಷರದ ಜಗಳ ಎಂದು ಇದನ್ನು ಹಗುರವಾಗಿ ನೋಡಬಾರದು. ನಿಕೇಯದ ಪರ ನಿಂತ ಅಥನೇಸಿಯಸ್ ಐದು ಬಾರಿ ಗಡಿಪಾರಾದ. 381ರ ಕಾನ್‌ಸ್ಟಾಂಟಿನೋಪಲ್ ಸಭೆ ಪವಿತ್ರಾತ್ಮನ ಮಾತನ್ನೂ ಸ್ಪಷ್ಟಪಡಿಸಿತು.

ಕನ್ನಡ ಕ್ರೈಸ್ತರು ‘ತ್ರಯೇಕ ದೇವರು’ ಎನ್ನುತ್ತಾರೆ, ‘ತ್ರಿತ್ವ’ವೂ ಉಂಟು. ತ್ರಯ, ಏಕ ಸೇರಿದರೆ ವೃದ್ಧಿಸಂಧಿಯಂತೆ ‘ತ್ರಯೈಕ’ ಆಗಬೇಕಿತ್ತು, ಬಳಕೆ ಅದನ್ನು ಸಡಿಲಿಸಿದೆ. ಆದರೂ ನನಗೆ ಇದೇ ಮೆಚ್ಚು: ಲ್ಯಾಟಿನ್ ಪದ ಮೂರನ್ನಷ್ಟೇ ಎಣಿಸುತ್ತದೆ, ಇದು ಒಂದನ್ನೂ ಜೊತೆಗೇ ಹೇಳುತ್ತದೆ. ಪೆಂತೆಕೋಸ್ತ್ ಹಬ್ಬದ ಮುಂದಿನ ಭಾನುವಾರ ಹಲವು ಚರ್ಚುಗಳಲ್ಲಿ ತ್ರಯೇಕ ದೇವರ ಹಬ್ಬ.