ಅಲೆ ಹೊಡೆಯುವ ಕಾಲು ಹಾರ್ಮೋನಿಯಂ

ನಮ್ಮ ಅಮರಾಪುರ ಆಂಧ್ರದಲ್ಲಿದೆ. 2022ರವರೆಗೆ ಅನಂತಪುರ ಜಿಲ್ಲೆ, ಈಗ ಶ್ರೀ ಸತ್ಯಸಾಯಿ ಜಿಲ್ಲೆ. ಜಿಲ್ಲೆ ಯಾವುದಾದರೇನು, ರಂಗದ ಮೇಲೆ ಕೃಷ್ಣ, ದುರ್ಯೋಧನರು ಜಗಳವಾಡಿದ್ದು ಕನ್ನಡದಲ್ಲೇ. ಅವರ ಕಂದಪದ್ಯಗಳಿಗೆ ಶ್ರುತಿ ಕೊಟ್ಟದ್ದು ಕಾಲು ಹಾರ್ಮೋನಿಯಂ.

1842ರಲ್ಲಿ ಪ್ಯಾರಿಸ್ಸಿನ ಡೆಬೇನ್ ಪೇಟೆಂಟ್ ಪಡೆದ ವಾದ್ಯ ಅದು. ಕಾಲಲ್ಲಿ ತುಳಿದರೆ ತಿದಿ ತುಂಬುತ್ತದೆ, ಎರಡು ಕೈಯೂ ಸ್ವರದ ಮನೆಗಳ ಮೇಲೇ ಇರುತ್ತವೆ. ಮೈಕಿಲ್ಲದ ಕಾಲದಲ್ಲಿ ಕಂಪನಿ ನಾಟಕಗಳಿಗೆ ಇನ್ನೇನು ಬೇಕಿತ್ತು? 1940ರಲ್ಲಿ ರೇಡಿಯೋದವರು ಹಾರ್ಮೋನಿಯಂ ನಿಷೇಧಿಸಿ 1971ರಲ್ಲಿ ಸಡಿಲಿಸಿದರು. ನಮ್ಮ ಹಾರ್ಮೋನಿಯಂ ಮೇಷ್ಟ್ರುಗಳಿಗೆ ಅದರ ಸುದ್ದಿಯೂ ಬೇಕಿರಲಿಲ್ಲ.

ನಾನು ಕಣ್ಣಾರೆ ಕಂಡದ್ದು ರಿಪೇರಿಯವರ ಕೈಚಳಕ. ಹಿತ್ತಾಳೆಯ ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಒಂದೇ ಸ್ವರದ ಎರಡು ರೀಡುಗಳಲ್ಲಿ ಒಂದನ್ನು ಕೂದಲೆಳೆಯಷ್ಟು ತಪ್ಪಿಸಿದರೆ ನಾದ ಅಲೆಅಲೆಯಾಗಿ ತೂಗುತ್ತದೆ. ಇಂಥದ್ದೇ ತೂಗಾಟಕ್ಕಾಗಿ ಅಮೆರಿಕದ ಡಾನ್ ಲೆಸ್ಲಿ 1940ರ ಸುಮಾರಿಗೆ ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್ನಿಗೆ ಮೋಟಾರಿನಿಂದ ಧ್ವನಿಯನ್ನೇ ಗಿರಗಿರ ತಿರುಗಿಸುವ ಸ್ಪೀಕರ್ ಪೆಟ್ಟಿಗೆ ಕಟ್ಟಿದ. ನಮ್ಮವರಿಗೆ ಒಂದು ಅರ ಸಾಕಾಗಿತ್ತು! ಅತಿಯಾಗಿ ಅಲೆ ಕೊಟ್ಟರೆ ಹಾಡುವವನ ಶ್ರುತಿಯೇ ಕೆಡುತ್ತದೆ, ಅದೂ ನಿಜ.

ಆಮೇಲೆ ಕೀಬೋರ್ಡ್ ಬಂತು, ಕಾಲು ಹಾರ್ಮೋನಿಯಂ ಮೂಲೆ ಸೇರಿತು. ನಿಮ್ಮ ಅಟ್ಟದಲ್ಲಿ ಹಳೇ ಕಾಲು ಹಾರ್ಮೋನಿಯಂ ಇದ್ದರೆ ಗುಜರಿಗೆ ಹಾಕಬೇಡಿ. ತಿದಿಯ ಚರ್ಮ ಹರಿದಿದ್ದರೂ ರೀಡುಗಳು ಬಹುತೇಕ ಚೆನ್ನಾಗಿಯೇ ಇರುತ್ತವೆ.