ಥಾಲಸೀಮಿಯಾ ಚಿಕಿತ್ಸೆ ಮತ್ತು ದೃಷ್ಟಿರಕ್ಷಣೆ

1925ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಶಿಶುವೈದ್ಯ ಥಾಮಸ್ ಕೂಲಿಯವರು ವಿವರಿಸಿದ ರಕ್ತಹೀನತೆಯೇ ಮುಂದೆ ಥಾಲಸೀಮಿಯಾ ಎಂಬ ಹೆಸರನ್ನು ಪಡೆಯಿತು. ತೀವ್ರರೂಪದ ಈ ರೋಗವುಳ್ಳವರಿಗೆ ಮೇಲಿಂದ ಮೇಲೆ ಪರರ ರಕ್ತವನ್ನು ಕೊಡಬೇಕಾಗುತ್ತದೆ. ಅದರೊಡನೆ ಸೇರುವ ಕಬ್ಬಿಣವನ್ನು ಹೊರಹಾಕುವ ಶಕ್ತಿ ದೇಹಕ್ಕಿಲ್ಲ. ಅದು ಹೃದಯ, ಯಕೃತ್ತುಗಳಲ್ಲಿ ಸಂಚಯವಾಗಿ ಪ್ರಾಣಾಪಾಯವನ್ನು ತರುತ್ತದೆ. 1960ರ ದಶಕದಲ್ಲಿ ಬಳಕೆಗೆ ಬಂದ ಡೆಸ್ಫೆರಿಯಾಕ್ಸಮೀನ್ ಔಷಧವು ಕಬ್ಬಿಣವನ್ನು ಬಂಧಿಸಿ ಹೊರತಂದು, ಕಾಲಕ್ರಮದಲ್ಲಿ ಅನೇಕರ ಆಯುಸ್ಸನ್ನು ವೃದ್ಧಿಗೊಳಿಸಿತು.

ಆದರೆ ಈ ಉಪಕಾರಿಯೇ ಕಣ್ಣಿಗೆ ಅಪಕಾರಿಯೂ ಆಗಬಲ್ಲುದೆಂದು ಮುಂದೆ ವಿದಿತವಾಯಿತು. ರಕ್ತನಾಳದ ಮೂಲಕ ಅಧಿಕ ಪ್ರಮಾಣದಲ್ಲಿ ಇದನ್ನು ಪಡೆದವರ ನೇತ್ರಬಾಧೆಯನ್ನು 1983ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. 1986ರಲ್ಲಿ, ಚರ್ಮದಡಿಯಲ್ಲಿ ಔಷಧ ಪಡೆಯುತ್ತಿದ್ದ 89 ರೋಗಿಗಳ ಪರಿಶೀಲನೆಯೊಂದು ಬೆಳಕಿಗೆ ಬಂದು, ಕೆಲವರಲ್ಲಿ ದೃಷ್ಟಿ ಮತ್ತು ಶ್ರವಣಗಳೆರಡೂ ಕುಂದಿದುದನ್ನು ತೋರಿಸಿತು. ಇರುಳುಗುರುಡು, ವರ್ಣಗ್ರಹಣದ ಲೋಪ, ದೃಷ್ಟಿಮಾಂದ್ಯ ಇವು ಈ ಬಾಧೆಯ ಮುಖ್ಯ ಲಕ್ಷಣಗಳು. ಔಷಧವನ್ನು ನಿಲ್ಲಿಸಿದಾಗ ಹಲವರ ದೃಷ್ಟಿ ಮರಳಿತು. ಎಲ್ಲರದೂ ಪೂರ್ಣವಾಗಿ ಮರಳಲಿಲ್ಲ.

ಹಾಗೆಂದು ಔಷಧವನ್ನೇ ತೊರೆದರೆ ಕಬ್ಬಿಣವು ಜೀವವನ್ನು ಉಳಿಸದು. ಕಬ್ಬಿಣದ ಹೊರೆ ಅಲ್ಪವಾಗಿದ್ದು ಔಷಧ ಅಧಿಕವಾದಾಗಲೇ ಅಪಾಯ ಹೆಚ್ಚೆಂಬುದನ್ನು ನಾವು ಇಲ್ಲಿ ಗಮನಿಸಬೇಕು. ಆದುದರಿಂದಲೇ ದೇಹದ ತೂಕದೊಡನೆ ಕಬ್ಬಿಣದ ಸಂಚಯವನ್ನೂ ಅಳೆದು ಮಾತ್ರೆಯನ್ನು ನಿಶ್ಚಯಿಸುವ, ವರ್ಷಕ್ಕೊಮ್ಮೆಯಾದರೂ ಕಣ್ಣನ್ನು ಪರೀಕ್ಷಿಸುವ ಪದ್ಧತಿ ರೂಢಿಗೆ ಬಂದಿತು. ಔಷಧದ ಗುಣವು ಅದರ ಪ್ರಮಾಣದಲ್ಲಿದೆ ಎಂಬುದೇ ಈ ಇತಿಹಾಸದಿಂದ ನಾವು ಕಲಿಯುವ ಪಾಠ.