ಹೆಬ್ಬೆಟ್ಟು ಒತ್ತುವ ಮೊದಲು

ಜೀತದ ಪತ್ರಕ್ಕೂ ಸಾಲದ ಪತ್ರಕ್ಕೂ ಹೆಬ್ಬೆಟ್ಟು ಒತ್ತಿದವರ ಮಕ್ಕಳು ನಾವು. ಅದರಲ್ಲಿ ಏನು ಬರೆದಿದೆ ಅಂತ ನಮ್ಮ ಹಿರಿಯರಿಗೆ ಯಾರೂ ಓದಿ ಹೇಳಲಿಲ್ಲ. ಹಾಗಾಗಿಯೇ ಆಸ್ಪತ್ರೆಯಲ್ಲಿ 'ಇದೊಂದು ಪ್ರಯೋಗ, ಸಹಿ ಮಾಡಿ' ಅಂದರೆ ನಮ್ಮ ಜನ ಬೆಚ್ಚುತ್ತಾರೆ. ಆ ಹೆದರಿಕೆ ಸುಳ್ಳಲ್ಲ. ಆದರೆ ಪ್ರಯೋಗಗಳ ಚರಿತ್ರೆಯಲ್ಲಿ ಬೇರೆ ಪುಟಗಳೂ ಇವೆ. ಮೈಗೆಲ್ಲ ಹಬ್ಬಿದ ಸ್ತನ ಕ್ಯಾನ್ಸರಿನ ಮೂರು ಪ್ರಯೋಗಗಳನ್ನು ಇಲ್ಲಿ ಪಕ್ಕಪಕ್ಕ ಇಡುತ್ತೇವೆ.

ಮೊದಲನೆಯದು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗಿನದು. ವಿಟ್‌ವಾಟರ್ಸ್‌ರಾಂಡ್ ವಿಶ್ವವಿದ್ಯಾಲಯದ ವೈದ್ಯ ವರ್ನರ್ ಬೆಜ್ವೋಡ 1995ರಲ್ಲಿ 90 ಹೆಂಗಸರ ಲೆಕ್ಕ ಪ್ರಕಟಿಸಿದ. ಕೀಮೋ ಔಷಧಿಯನ್ನು ಭಾರೀ ಪ್ರಮಾಣದಲ್ಲಿ ಕೊಡುವುದು, ಅದರಿಂದ ನಾಶವಾಗುವ ಅಸ್ಥಿಮಜ್ಜೆಗೆ ರೋಗಿಯಿಂದ ಮೊದಲೇ ತೆಗೆದಿಟ್ಟ ಜೀವಕೋಶಗಳನ್ನು ಮತ್ತೆ ತುಂಬುವುದು, ಇದು ಅವನ ಚಿಕಿತ್ಸೆ. ಇದರಿಂದ ಆಯಸ್ಸು ಹೆಚ್ಚುತ್ತದೆ ಎಂದ.

2000ರಲ್ಲಿ ಅಮೆರಿಕದ ತಜ್ಞರು ಹೋಗಿ ಅವನ ಇನ್ನೊಂದು ಸ್ತನ ಕ್ಯಾನ್ಸರ್ ಪ್ರಯೋಗದ ಕಡತ ಬಿಚ್ಚಿದರು. ಹೇಳಿದ್ದಕ್ಕೂ ಕಡತಕ್ಕೂ ತಾಳೆಯಿಲ್ಲ. ಹೆಂಗಸರು ಒಪ್ಪಿ ಸಹಿ ಮಾಡಿದ ಒಂದು ಕಾಗದವೂ ಅವರ ಕಣ್ಣಿಗೆ ಬೀಳಲಿಲ್ಲ. ಬೆಜ್ವೋಡ ತಪ್ಪೊಪ್ಪಿಕೊಂಡ, ಕೆಲಸ ಕಳಕೊಂಡ. ಆಮೇಲೆ 1995ರ ಲೆಕ್ಕ ಕೆದಕಿದರೆ 90ರಲ್ಲಿ 61 ಮಂದಿ ಮಾತ್ರ ಸಿಕ್ಕರು. 2001ರಲ್ಲಿ ಆ ಲೇಖನ ರದ್ದಾಯಿತು. ಉಳಿದ 29 ಹೆಂಗಸರು ಯಾರು? ಇದ್ದರೋ, ಇರಲೇ ಇಲ್ಲವೋ?

ಎರಡನೆಯದು ಅಮೆರಿಕದ್ದು. ಇದೇ ಚಿಕಿತ್ಸೆಗೆ ಅಲ್ಲಿ ಜನ ಮುಗಿಬಿದ್ದಿದ್ದರು. ವಿಮಾ ಕಂಪನಿ ದುಡ್ಡು ಕೊಡದಿದ್ದರೆ ಕೋರ್ಟಿಗೂ ಹೋದರು. ಯಾರಿಗೆ ಯಾವ ಚಿಕಿತ್ಸೆ ಅಂತ ಚೀಟಿ ಎತ್ತಿದ ಹಾಗೆ ಹಂಚುವ ಪ್ರಯೋಗಕ್ಕೆ ಬರುವವರು ಕಡಿಮೆ. ಆದರೂ ಕೆಲವರು ಬಂದರು. 2000ರಲ್ಲಿ 184 ಹೆಂಗಸರ ಫಲಿತಾಂಶ ಹೊರಬಿತ್ತು. ಮೂರು ವರ್ಷಕ್ಕೆ ಬದುಕಿದ್ದವರು ಭಾರೀ ಚಿಕಿತ್ಸೆಯಲ್ಲಿ ನೂರಕ್ಕೆ 32, ಮಾಮೂಲಿ ಕೀಮೋದಲ್ಲಿ 38. ಅಷ್ಟೆಲ್ಲ ನೋವು ತಿಂದು ಬಂದ ಲಾಭ ಏನೂ ಇಲ್ಲ.

ಮೂರನೆಯದು ನಮ್ಮ ಮುಂಬೈಯದು. ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 2005ರಿಂದ 2013ರವರೆಗೆ 350 ಹೆಂಗಸರು ಪ್ರಯೋಗಕ್ಕೆ ಸೇರಿದರು. ರೋಗ ಬೇರೆ ಅಂಗಗಳಿಗೆ ಹಬ್ಬಿದ ಮೇಲೂ ಎದೆಯ ಗಡ್ಡೆ ಕೊಯ್ದು ತೆಗೆದರೆ ಹೆಚ್ಚು ದಿನ ಬದುಕುತ್ತಾರಾ? ಇದು ಪ್ರಶ್ನೆ. ಉತ್ತರ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನ ಬದುಕಿ ಉಳಿದ ಅವಧಿ ಕೊಯ್ಸಿಕೊಂಡವರಲ್ಲಿ 19.2 ತಿಂಗಳು, ಕೊಯ್ಸಿಕೊಳ್ಳದವರಲ್ಲಿ 20.5. ಹುಣ್ಣಾಗಿ ರಕ್ತ ಸೋರುತ್ತಿದ್ದರೆ ಮಾತು ಬೇರೆ; ಆಯಸ್ಸಿನ ಆಸೆಗೆ ಕತ್ತಿಗೆ ಮೈಯೊಡ್ಡಬೇಕಿಲ್ಲ. ಇದನ್ನು ಜಗತ್ತಿಗೆ ಕಲಿಸಿದವರಲ್ಲಿ ಈ ನೆಲದ ಹೆಂಗಸರೂ ಇದ್ದಾರೆ. ಪುಸ್ತಕಗಳು ಡಾಕ್ಟರರ ಹೆಸರು ಬರೆದುಕೊಂಡವು. ಈ ಹೆಂಗಸರನ್ನು ನಾವಾದರೂ ನೆನೆಯಬೇಕು.

ಜೋಹಾನ್ಸ್‌ಬರ್ಗಿನಲ್ಲಿ ಒಪ್ಪಿಗೆಗೆ ಪುರಾವೆಯಿಲ್ಲ, ಲೆಕ್ಕಕ್ಕೆ ನಿಜವಿಲ್ಲ. ಹೆಂಗಸಿನ ಮಾತಿಗೆ ಬೆಲೆ ಕೊಡದವನು ಅವಳ ಸಾವಿಗೂ ಸರಿಯಾದ ಲೆಕ್ಕ ಇಡಲಿಲ್ಲ.

ಗೆಳೆಯರೇ, ಮೇಷ್ಟ್ರೇ, ನಿಮ್ಮೂರಿನ ತಾಯಿಯೊಬ್ಬಳನ್ನು ಪ್ರಯೋಗಕ್ಕೆ ಕರೆದರೆ ಜೊತೆಗೆ ಹೋಗಿ. ಕಾಗದ ಅವಳ ಭಾಷೆಯಲ್ಲಿರಬೇಕು. ಓದು ಬಾರದವಳಿಗೆ ಪಕ್ಷಪಾತವಿಲ್ಲದ ಸಾಕ್ಷಿ ಬೇಕು. ಪ್ರಯೋಗದಿಂದ ಹಾನಿಯಾದರೆ ಪುಕ್ಕಟೆ ಚಿಕಿತ್ಸೆ ಸಿಗಬೇಕು. ಇದು 2019ರ ನಿಯಮ, ಯಾರ ದಯೆಯೂ ಅಲ್ಲ. ಮಾಮೂಲಿ ಚಿಕಿತ್ಸೆ ತಪ್ಪುತ್ತದಾ, ಖರ್ಚು ಯಾರದು ಅಂತ ಕೇಳಿ. ನಡುವೆ ಬಿಟ್ಟು ಬರುವ ಹಕ್ಕೂ ಅವಳದು. ಎಲ್ಲ ತಿಳಿದ ಮೇಲೆ ಹೆಬ್ಬೆಟ್ಟು ಒತ್ತುವುದೋ, ಎದ್ದು ಬರುವುದೋ ಅವಳೇ ತೀರ್ಮಾನಿಸಲಿ.